ತಾಯಿಗೆ ಗಾಬರಿ ಜಾಸ್ತಿ

ಮಾರ್ಚ್ 9

ಮಕ್ಕಳ ತುರ್ತು ವಿಭಾಗದ ಬಾಗಿಲ ಮೇಜಿನ ಹಿರಿಯ ನರ್ಸ್ ಅವರಿಗೆ,

ನಮಸ್ಕಾರ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ದಿನಾ ಡ್ಯೂಟಿಗೆ ಹೋಗುತ್ತಿದ್ದೀರಿ ಎಂದು ಕೇಳಿದೆ, ಅಂದಮೇಲೆ ಕ್ಷೇಮಕ್ಕೇನು ಕಡಿಮೆ.

"ತಾವು" ಎಂದು ಬರೆದರೆ ಕೋಪ ಇನ್ನಷ್ಟು ಚೂಪಾಗುತ್ತದೆ ಅಂದುಕೊಂಡಿದ್ದೆ. ಎರಡು ಸಾಲಿಗೇ ಕೈ ಸೋತಿತು. ಐದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವಳನ್ನು ಬಹುವಚನದಲ್ಲಿ ಬೈಯಲು ನನಗೆ ಬರುವುದಿಲ್ಲ. ಆದ್ದರಿಂದ ನೀನು.

ನೀನು ಫೋನ್ ಎತ್ತುತ್ತಿಲ್ಲ. ನಾಲ್ಕು ದಿನದಲ್ಲಿ ಹದಿನಾಲ್ಕು ಸಲ ಮಾಡಿದೆ. ಮೂರು ಸಲ ನಿನ್ನ ಗಂಡ ಎತ್ತಿದರು, ಮೂರು ಸಲವೂ "ಅವಳು ಸ್ನಾನಕ್ಕೆ ಹೋಗಿದಾಳೆ" ಅಂದರು. ಅಷ್ಟೊಂದು ತೊಳೆದುಕೊಳ್ಳುವ ಕೊಳೆ ಏನಿದೆಯೇ ನಿನ್ನ ಮೈಮೇಲೆ? ಕಾಗದವಾದರೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಒಂದು ಸಾಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ.

ನಿಮ್ಮ ಆಸ್ಪತ್ರೆಯ ವಿಚಾರಣಾ ಸಮಿತಿಯ ವರದಿ ಬಂದಿದೆ. ನಮ್ಮ ಅರ್ಧ ಟಿಕೆಟ್ಟು ಹೋಗಿ ಐವತ್ತನೇ ದಿನಕ್ಕೆ. ಆ ಹೆಸರಿಟ್ಟವಳು ನೀನೇ. ಕಂಡಕ್ಟರ್ ಮಗಳು ಬೇರೇನಾಗಿ ಹುಟ್ಟುತ್ತಾಳೆ ಎಂದು ನಕ್ಕಿದ್ದೆ. ಅವಳಿಗೆ ಐದು ವರ್ಷವಾಗಿತ್ತು, ಬಸ್ಸಿನಲ್ಲಿ ಇನ್ನೂ ಅರ್ಧ ಟಿಕೆಟ್ಟೂ ಬೇಕಿರಲಿಲ್ಲ.

ವರದಿ ಹನ್ನೊಂದು ಪುಟ ಇದೆ. ನಂಜು ರಕ್ತಕ್ಕೆ ಹೇಗೆ ಏರಿತು, ಎಷ್ಟು ಗಂಟೆಗೆ ಯಾವ ಔಷಧಿ ಕೊಟ್ಟರು, ಮರುದಿನ ನಾಲ್ಕಕ್ಕೆ ಹೃದಯ ಹೇಗೆ ನಿಂತಿತು, ಎಲ್ಲ ಬರೆದಿದ್ದಾರೆ. ಏಳನೇ ಪುಟದಲ್ಲಿ ಒಂದು ಸಾಲಿದೆ. "ಕಾಯುತ್ತಿದ್ದ ಅವಧಿಯಲ್ಲಿ ಮಗುವಿನ ಸ್ಥಿತಿ ಹದಗೆಡುತ್ತಿರುವುದನ್ನು ತಾಯಿ ಸಿಬ್ಬಂದಿಯ ಗಮನಕ್ಕೆ ತಂದಿರುವುದಿಲ್ಲ." ಅದರ ಕೆಳಗೆ, ಬಾಗಿಲ ಮೇಜಿನ ನರ್ಸ್ ನೀಡಿದ ಹೇಳಿಕೆಯ ಪ್ರಕಾರ, ಎಂದಿದೆ.

ನಮ್ಮನೆಯವರು ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಬೆರಳಿಟ್ಟು ಓದಿದರು. ಲೇತ್ ಮಷಿನ್ನಿನ ಕೆಲಸ ಮಾಡುವವರು, ಯಾವುದನ್ನೂ ಕೂದಲೆಳೆಯಷ್ಟು ಬಿಡದೆ ನೋಡುವವರು. ಆ ಸಾಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. "ಇಡೀ ಬಸ್ಸಿಗೆ ಕೇಳೋ ಹಾಗೆ ಕೂಗ್ತೀಯ. ಅಲ್ಲಿ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಾ?" ಅಂದರು. ಅಷ್ಟೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಗ್ಯಾಸ್ ಬಂತಾ, ಬೀಗ ಹಾಕಿದೆಯಾ, ಇಷ್ಟೇ ಮಾತು.

ನನಗೆ ನಿನ್ನ ಕ್ಷಮಾಪಣೆ ಬೇಡ. ನಿನ್ನ ಕೆಲಸ ಹೋಗುವುದೂ ಬೇಡ. ಒಂದು ಸಾಲು ಬೇಕು. ನಾನು ನಿನಗೆ ಹೇಳಿದೆ, ಹೇಳಿದ್ದು ನಿನ್ನ ಕಿವಿಗೆ ಬಿತ್ತು. ಇಷ್ಟನ್ನು ಬರೆದು ಕಳಿಸು.

ಇಂತಿ,
ಅರ್ಧ ಟಿಕೆಟ್ಟಿನ ಅಮ್ಮ


ಮಾರ್ಚ್ 19

ಪ್ರೀತಿಯ ಸೈರನ್,

ನಿನ್ನ ಕಾಗದ ತಲುಪಿತು. ಶಾಲೆಯ ಅಡ್ಡಹೆಸರಿನಲ್ಲಿ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬೇರೆ ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ.

ನಿಮ್ಮಿಬ್ಬರ ದುಃಖ ಏನೆಂದು ನನಗೆ ಗೊತ್ತು. ಆದರೆ ವರದಿಯ ಬಗ್ಗೆ ನಾನು ಏನನ್ನೂ ಬರೆಯುವ ಹಾಗಿಲ್ಲ. ಆಕ್ಷೇಪಣೆ ಸಲ್ಲಿಸಲು ನಿಮಗೆ ಜುಲೈ 15ರವರೆಗೆ ಅವಕಾಶವಿದೆ, ಅಲ್ಲಿಯವರೆಗೆ ಸಿಬ್ಬಂದಿ ಯಾರೂ ಕುಟುಂಬದವರ ಜೊತೆ ಪತ್ರ, ಮಾತು ಇಟ್ಟುಕೊಳ್ಳಬಾರದೆಂದು ಮೇಲಿನವರು ಹೇಳಿದ್ದಾರೆ. ನನ್ನ ಹೇಳಿಕೆಯನ್ನು ಕೊಟ್ಟಾಗಿದೆ. ಅವತ್ತು ತುಂಬಾ ರಶ್ ಇತ್ತು. ಮೂವತ್ತೆಂಟು ಮಕ್ಕಳು ಬಂದಿದ್ದರು. ಎಲ್ಲವೂ ನೆನಪಿನಲ್ಲಿ ಉಳಿಯುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಕೆಲಸಕ್ಕೆ ಮರಳಿದರೆ ಮನಸ್ಸು ಸ್ವಲ್ಪ ಹಗುರಾಗುತ್ತದೆ.

ನಿನ್ನ,
ಇಸ್ತ್ರಿ


ಮಾರ್ಚ್ 27

ಇಸ್ತ್ರಿ,

ಬರೆಯಬಾರದೆಂದು ಬರೆದಿದ್ದೀಯಲ್ಲ, ಅದಕ್ಕೆ ಮೇಲಿನವರ ಅನುಮತಿ ತೆಗೆದುಕೊಂಡಿದ್ದೆಯಾ? ಊಟ ಮಾಡು ಎಂದಿದ್ದೀಯ. ಮಾಡುತ್ತಿದ್ದೇನೆ. ಅದಕ್ಕೂ ನಿನ್ನ ಕೈಯಿಂದ ಚೀಟಿ ಬೇಕೆಂದು ಗೊತ್ತಿರಲಿಲ್ಲ.

ಮೂವತ್ತೆಂಟು ಮಕ್ಕಳ ರಶ್ಶಿನಲ್ಲಿ ಮರೆತಿರಬಹುದು. ನೆನಪಿಸುತ್ತೇನೆ.

ಅವತ್ತು ಸೋಮವಾರ. ಹಿಂದಿನ ದಿನದಿಂದ ಅವಳಿಗೆ ಜ್ವರ, ಎಡಗಾಲು ನೋವು. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಗಾಯವಾಗಿತ್ತು, ಅದರ ನೋವೇ ಇರಬೇಕು ಅಂದುಕೊಂಡೆ. ಬೆಳಗ್ಗೆ ಎಂಟಕ್ಕೆ ಜ್ವರದ ಸಿರಪ್ ಕುಡಿಸಿದೆ. ಹತ್ತರ ಹೊತ್ತಿಗೆ ಮೈ ಬಿಸಿ ಇಳಿದಿತ್ತು, ಆದರೂ ಮಗು ಸರಿಯಿರಲಿಲ್ಲ. ಎದ್ದ ಕೂಡಲೇ ನನ್ನ ಚೀಲದಿಂದ ಸೀಟಿ ಕದ್ದು ಮನೆಯೆಲ್ಲ ಊದುವವಳು, ಅವತ್ತು ಕೈಗೆ ಕೊಟ್ಟರೂ ಹಿಡಿಯಲಿಲ್ಲ. ಎತ್ತಿಕೊಂಡು ಆಟೋ ಹತ್ತಿದೆ. ಹತ್ತೂ ನಲವತ್ತಕ್ಕೆ ನಿಮ್ಮ ಬಾಗಿಲಲ್ಲಿದ್ದೆ.

ಮೇಜಿನ ಹಿಂದೆ ನಿನ್ನನ್ನು ಕಂಡಾಗ ಹೋದ ಜೀವ ಬಂತು. ಸದ್ಯ, ನಮ್ಮವಳೇ ಇದ್ದಾಳೆ ಎಂದುಕೊಂಡೆ. ನೀನು ತಲೆ ಎತ್ತಿದೆ. ಗುರುತೇ ಇಲ್ಲದವರನ್ನು ನೋಡುವ ಹಾಗೆ ನೋಡಿದೆ. "ಹೆಸರು? ವಯಸ್ಸು?" ಅಂದೆ. ಅವಳ ವಯಸ್ಸು ನಿನಗೆ ಗೊತ್ತಿಲ್ಲವೇನೇ? ಹೆರಿಗೆ ವಾರ್ಡಿನಲ್ಲಿ ಅವಳನ್ನು ಅವಳಪ್ಪನಿಗಿಂತ ಮೊದಲು ಎತ್ತಿಕೊಂಡವಳು ನೀನು. ಅವಳು ನಿನ್ನನ್ನು ಚಿಕ್ಕಮ್ಮ ಅನ್ನುತ್ತಿದ್ದಳು.

ಆಗ ನಾನು ಹೇಳಿದೆ, "ಇವಳು ಇವಳ ಥರ ಇಲ್ಲ ಕಣೇ." ನೀನು ಥರ್ಮಾಮೀಟರ್ ಇಟ್ಟು, "ಜ್ವರ ಇಲ್ವಲ್ಲ" ಅಂದೆ. ಬೆರಳಿಗೆ ಆಕ್ಸಿಜನ್ ನೋಡುವ ಆ ಕ್ಲಿಪ್ ಹಾಕಿದೆ. ಅದರಲ್ಲಿ ಸಂಖ್ಯೆ ಬರಲಿಲ್ಲ. ಕೊಡವಿದೆ, ಮೇಜಿಗೆ ಕುಟ್ಟಿದೆ, ಪಕ್ಕಕ್ಕಿಟ್ಟೆ. ಹಸಿರು ಚೀಟಿ ಬರೆದುಕೊಟ್ಟೆ. ಕೆಂಪು ಚೀಟಿಯವರು ನೇರ ಒಳಗೆ, ಹಳದಿಯವರು ಹತ್ತು ನಿಮಿಷಕ್ಕೆ, ಹಸಿರಿನವರು ಸರದಿ ಬಂದಾಗ. ನಮ್ಮದು ಇಪ್ಪತ್ತೇಳನೇ ನಂಬರು.

ಅರ್ಧ ಗಂಟೆ ಬಿಟ್ಟು ಮತ್ತೆ ಬಂದೆ. "ಕೈಕಾಲೆಲ್ಲ ತಣ್ಣಗಾಗಿದೆ. ನಿನ್ನೆ ರಾತ್ರಿಯಿಂದ ಉಚ್ಚೆ ಮಾಡಿಲ್ಲ" ಅಂದೆ. ನೀನು "ಎಲ್ಲರೂ ಕಾಯ್ತಿದಾರೆ, ಕೂತ್ಕೊಳಮ್ಮ" ಅಂದೆ. ಅಮ್ಮ ಅಂತೆ! ನಾನು ನಿನಗೆ ಯಾವಾಗಿನಿಂದ ಅಮ್ಮನಾದೆ? ಹನ್ನೊಂದೂ ಐವತ್ತಕ್ಕೆ ಮೂರನೇ ಸಲ ಬಂದೆ. "ಎಬ್ಬಿಸಿದ್ರೆ ಕಣ್ಣು ಬಿಡ್ತಾಳೆ, ಮತ್ತೆ ಮುಚ್ಕೋತಾಳೆ. ಉಸಿರು ಓಡ್ತಾ ಇದೆ, ನೋಡು." ನೀನು ಚೀಟಿಯಿಂದ ತಲೆ ಎತ್ತದೆ, "ಇನ್ನು ನಾಲ್ಕೇ ಜನ" ಅಂದೆ.

ನಮ್ಮ ಪಕ್ಕದಲ್ಲಿ ಮೂಗಿಗೆ ಮಣಿ ತುರುಕಿಕೊಂಡ ಮಗು ಕಿರುಚಿ ಕಿರುಚಿ ಛಾವಣಿ ಹಾರಿಸುತ್ತಿತ್ತು. ಅದನ್ನು ಮೊದಲು ಒಳಗೆ ಕಳಿಸಿದರು. ನಮ್ಮವಳು ತೊಡೆಯ ಮೇಲೆ ತಣ್ಣಗೆ ಮಲಗಿದ್ದಳು. "ಎಷ್ಟು ಜಾಣ ಮಗು, ಒಂಚೂರೂ ಹಟ ಇಲ್ಲ" ಎಂದು ಪಕ್ಕದ ಹೆಂಗಸು ಹೊಗಳಿದಳು.

ಹನ್ನೆರಡೂ ಇಪ್ಪತ್ತಕ್ಕೆ ಒಬ್ಬ ಎಳೆ ವಯಸ್ಸಿನ ಡಾಕ್ಟರು ಬೇರೆ ಯಾರನ್ನೋ ಕರೆಯಲು ಹೊರಗೆ ಬಂದರು. ಅವರ ಕಣ್ಣು ಕಂಬಳಿ ಸರಿದು ಹೊರಗೆ ಕಂಡ ಅವಳ ಮೊಣಕಾಲಿನ ಮೇಲೆ ಬಿತ್ತು. ಚರ್ಮ ನೇರಳೆ ಬಣ್ಣಕ್ಕೆ ಕಲೆಕಲೆಯಾಗಿತ್ತು, ಮನೆಯಿಂದ ಹೊರಡುವಾಗಲೇ ಸುತ್ತಿದ್ದರಿಂದ ನಾನು ನೋಡಿರಲಿಲ್ಲ. ಅವರು ಚೀಟಿ ಕೇಳಲಿಲ್ಲ. ನನ್ನ ತೊಡೆಯಿಂದ ಕಿತ್ತುಕೊಂಡು ಓಡಿದರು. ಒಳಗೆ ಏಳೆಂಟು ಜನ ಸೇರಿದರು. ಸೂಜಿಗೆ ನರ ಸಿಗಲಿಲ್ಲ, ಮೊಣಕಾಲಿನ ಕೆಳಗಿನ ಮೂಳೆಯನ್ನೇ ಕೊರೆದು ಅದರೊಳಗೆ ನೀರು, ಔಷಧಿ ಬಿಟ್ಟರು. ಅವಳು ಅಳಲಿಲ್ಲ ಕಣೇ. ಮೂಳೆ ಕೊರೆದರೂ ಅಳಲಿಲ್ಲ.

ಆಮೇಲೆ ಆ ಡಾಕ್ಟರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ರಕ್ತಕ್ಕೆ ನಂಜೇರಿದೆ ಅಮ್ಮ. ಎಷ್ಟು ಹೊತ್ತಿಂದ ಹೀಗಿದಾಳೆ? ಹೊರಗಡೆ ಯಾರಿಗಾದ್ರೂ ಹೇಳಿದ್ರಾ?" ಎಂದು ಕೇಳಿದರು. ಬಾಗಿಲಿನಿಂದ ನೀನು ನೋಡುತ್ತಿದ್ದೆ. ನಿನ್ನ ಮುಖ ಬಿಳಿಚಿಕೊಂಡಿತ್ತು. ನಿನ್ನನ್ನು ಸಿಕ್ಕಿಸಬಾರದು ಎಂದು ನಾನು ಬಾಯಿ ಬಿಡಲಿಲ್ಲ. ಮಗು ಬದುಕುತ್ತದೆ, ನಾಳೆ ಇವಳ ಕೆಲಸ ಯಾಕೆ ಹೋಗಬೇಕು, ಹೀಗೆ ಲೆಕ್ಕ ಹಾಕಿದೆ. ಅವರು "ತಾಯಿ ಉತ್ತರಿಸಲಿಲ್ಲ" ಎಂದು ಬರೆದುಕೊಂಡರು. ಅದೂ ವರದಿಯಲ್ಲಿದೆ.

ನಮ್ಮನೆಯವರಿಗೆ ಇದನ್ನೆಲ್ಲ ಹೇಳಿದೆ. "ಯಾರು ಕೇಳಿಸ್ಕೊಂಡ್ರು?" ಅಂದರು. ನಿನ್ನ ಹೆಸರು ಹೇಳಿದೆ. "ಅವರೇ ಇಲ್ಲ ಅಂತ ಬರ್ಕೊಟ್ಟಿದಾರಲ್ಲ" ಅಂದರು.

ಒಂದು ಸಾಲು, ಇಸ್ತ್ರಿ.

ಇಂತಿ,
ಸೈರನ್


ಜೂನ್ 2

ಇಸ್ತ್ರಿ,

ಎರಡು ತಿಂಗಳು ದಾಟಿತು. ನಿನ್ನಿಂದ ಒಂದು ಅಕ್ಷರ ಇಲ್ಲ. ಈ ಸಲ ಬೈಯಲು ಬರೆಯುತ್ತಿಲ್ಲ, ಬೈಯುವ ತಾಕತ್ತು ಉಳಿದಿಲ್ಲ.

ಏಪ್ರಿಲ್‌ನಿಂದ ಬಸ್ಸು ಹತ್ತುತ್ತಿದ್ದೇನೆ. ನೀನು ಹೇಳಿದ ಹಾಗೆ ಮನಸ್ಸು ಹಗುರಾಗುತ್ತದೋ ನೋಡೋಣ ಎಂದು. ಮೊದಲ ದಿನವೇ ಡ್ರೈವರಣ್ಣ ತಿರುಗಿ ನೋಡಿ, "ಏನಕ್ಕಾ, ಗಂಟಲು ಕಟ್ಟಿದ್ಯಾ? ಸ್ಟಾಪ್ ಹೆಸರು ನಂಗೇ ಕೇಳಿಸ್ತಿಲ್ಲ" ಅಂದರು. ನಾನು ಕೂಗಿದ್ದೆ. ಕೂಗಿದ್ದೇನೆ ಎಂದೇ ನನಗನಿಸಿತ್ತು. ಬಸ್ಸಿನಲ್ಲಿದ್ದ ಒಬ್ಬರೂ ಇಳಿಯಲು ಏಳಲಿಲ್ಲ.

ಆವತ್ತಿನಿಂದ ಒಂದು ಹುಳ ತಲೆಗೆ ಹೊಕ್ಕಿದೆ. ಅಂದರೆ, ನಾನು ಕೂಗಿದೆ ಎಂದುಕೊಂಡಾಗ ಕೂಗಿರುವುದಿಲ್ಲ. ಹಾಗಾದರೆ ಹೇಳಿದೆ ಎಂದುಕೊಂಡಾಗ ಹೇಳಿದ್ದೆನಾ? ನಿನ್ನ ಮೇಜಿನ ಮುಂದೆ ನಿಂತದ್ದು ನಿಜ. ಬಾಯಿ ತೆರೆದದ್ದು ನಿಜ. ಮಾತು ಹೊರಗೆ ಬಂತೋ, ಗಂಟಲಲ್ಲೇ ಉಳಿಯಿತೋ? ನೀನು "ಇನ್ನು ನಾಲ್ಕೇ ಜನ" ಅಂದದ್ದು ನನಗೋ, ನನ್ನ ಹಿಂದೆ ನಿಂತಿದ್ದವರಿಗೋ?

ಮಧ್ಯಾಹ್ನ ಟ್ರಿಪ್ಪುಗಳ ನಡುವೆ ಡಿಪೋದಲ್ಲಿ ಖಾಲಿ ಬಸ್ಸು ಸಿಗುತ್ತದೆ. ಹಿಂದಿನ ಸೀಟಿನಲ್ಲಿ ಕೂತು ಆ ಮಾತುಗಳನ್ನೇ ಮತ್ತೆ ಮತ್ತೆ ಹೇಳಿ ನೋಡುತ್ತೇನೆ. ಇವಳು ಇವಳ ಥರ ಇಲ್ಲ ಕಣೇ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ. ಅವತ್ತು ಎಷ್ಟು ಜೋರಾಗಿ ಹೇಳಿದೆ ಎಂದು ಹೊಂದಿಸಿ ನೋಡುತ್ತೇನೆ. ಬಸ್ಸು ತೊಳೆಯುವ ಹೆಂಗಸು ಕಿಟಕಿಯಿಂದ ಇಣುಕಿ, "ಯಾರ್ ಹತ್ರ ಮಾತಾಡ್ತಿದೀಯವ್ವಾ?" ಎಂದು ಕೇಳಿ, ನನ್ನ ಮುಖ ನೋಡಿ ಬಕೆಟ್ ಎತ್ತಿಕೊಂಡು ಮುಂದಿನ ಬಸ್ಸಿಗೆ ಹೋದಳು.

ಇವರು ಈಚೆಗೆ ನನ್ನ ಮೇಲೆ ಕೋಪ ಮಾಡುವುದನ್ನೂ ಬಿಟ್ಟಿದ್ದಾರೆ. ಮೊನ್ನೆ ಅನ್ನ ಬಡಿಸುವಾಗ, "ಹೋಗ್ಲಿ ಬಿಡು, ಗಾಬರೀಲಿ ಬಾಯಿ ಬರ್ಲಿಲ್ಲ ಅಂದ್ರೆ ಬರ್ಲಿಲ್ಲ. ನಾನು ಬೈಯಲ್ಲ" ಅಂದರು. ಕೋಪಕ್ಕಿಂತ ಆ ಕರುಣೆ ಹೆಚ್ಚು ಚುಚ್ಚಿತು. ಮಾಡದ ತಪ್ಪಿಗೆ ಮಾಫಿ ಕೊಡುತ್ತಿದ್ದಾರೆ. ಮಾಡಿಲ್ಲವೆಂದು ಗಟ್ಟಿಯಾಗಿ ಹೇಳಲು ಈಗ ನನಗೇ ಧೈರ್ಯವಿಲ್ಲ. "ಸರಿ" ಎಂದು ತಟ್ಟೆ ಎತ್ತಿಟ್ಟೆ.

ನಾನು ಹೇಳಲಿಲ್ಲ ಎಂದಾದರೆ ಅದನ್ನಾದರೂ ಬರೆ. ನಿಜವಾಗಿಯೂ ಹೇಳಲಿಲ್ಲವಾ? ಈ ಲೋಕದಲ್ಲಿ ಅದು ಗೊತ್ತಿರುವುದು ನಿನಗೊಬ್ಬಳಿಗೇ. ನನಗೂ ಗೊತ್ತಿಲ್ಲ.

ಇಂತಿ,
ಅವಳ ಅಮ್ಮ


ಜುಲೈ 6

ಪ್ರೀತಿಯ ಸೈರನ್,

ನೀನು ಹೇಳಿದ್ದೆ. ಮೂರು ಸಲ ಹೇಳಿದ್ದೆ. ಮೂರು ಸಲವೂ ನನಗೆ ಸರಿಯಾಗಿ ಕೇಳಿಸಿತ್ತು. ನೀನು ಬರೆದ ಮಾತುಗಳಲ್ಲಿ ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. ಇದನ್ನು ಮೊದಲು ಓದಿ, ಮಿಕ್ಕಿದ್ದನ್ನು ಬೇಕಾದರೆ ಓದು.

ನಿನ್ನ ಜೂನಿನ ಕಾಗದವನ್ನು ಒಂದು ತಿಂಗಳಿಂದ ಯೂನಿಫಾರ್ಮಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನೀನು ಬೈದಾಗ ತಡೆದುಕೊಂಡಿದ್ದೆ. ಖಾಲಿ ಬಸ್ಸಿನಲ್ಲಿ ಕೂತು ನಿನ್ನನ್ನೇ ನೀನು ಅನುಮಾನಿಸುತ್ತಿದ್ದೀಯ ಎಂದು ಓದಿದಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅವತ್ತಿಗೆ ಆರು ದಿನ ಮೊದಲು ನನ್ನ ನಾದಿನಿಯ ಮಗುವನ್ನು ಸರದಿ ತಪ್ಪಿಸಿ ಒಳಗೆ ಬಿಟ್ಟಿದ್ದೆ. ಯಾರೋ ದೂರು ಕೊಟ್ಟರು. ಮೇಟ್ರನ್ ಮೇಡಂ ಎಲ್ಲರ ಮುಂದೆ ನಿಲ್ಲಿಸಿ, "ಇದು ನಿಮ್ಮ ಮನೆ ಬಾಗಿಲಲ್ಲ. ಇನ್ನೊಂದು ಸಲ ಗುರುತು ಪರಿಚಯ ಅಂತ ಬಿಟ್ರೆ ಬಾಗಿಲಲ್ಲಿ ನೀವಿರಲ್ಲ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಅಂಥ ಮಾತು ಕೇಳಿದವಳಲ್ಲ. ಸೋಮವಾರ ಮಗುವನ್ನೆತ್ತಿಕೊಂಡು ನೀನು ಬಂದೆ. ನನ್ನ ಮನಸ್ಸಿಗೆ ಮೊದಲು ಬಂದ ಮಾತು ಏನು ಗೊತ್ತಾ? ಇವಳು ಇವತ್ತೇ ಬರಬೇಕಿತ್ತಾ.

ಹಾಗಾಗಿ ನಿನ್ನನ್ನು ಗುರುತಿಲ್ಲದವಳ ಹಾಗೆ ನೋಡಿದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಗುರುತಿಲ್ಲದ ಮಗುವಾಗಿದ್ದರೆ ನಾನು ಕೈ ಮುಟ್ಟಿ ನೋಡುತ್ತಿದ್ದೆ, ಉಸಿರು ಎಣಿಸುತ್ತಿದ್ದೆ, ಎದೆಯ ಮೇಲೆ ಬೆರಳೊತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ಮರಳುತ್ತದೆ ಎಂದು ನೋಡುತ್ತಿದ್ದೆ. ಎರಡು ಎಣಿಸುವುದರೊಳಗೆ ಮರಳಬೇಕು. ಅವಳದ್ದು ಐದಾದರೂ ಮರಳುತ್ತಿರಲಿಲ್ಲ ಎಂದು ಒಳಗೆ ನೋಡಿದವರು ಬರೆದಿದ್ದಾರೆ. ನಿನ್ನ ಮಗುವಿನ ಮೇಲೆ ಒಂದು ನಿಮಿಷ ಹೆಚ್ಚು ಕಳೆದರೆ ಯಾರಾದರೂ ನೋಡಿಯಾರು ಎಂದು ನಾನು ಏನನ್ನೂ ಮಾಡಲಿಲ್ಲ. ಆ ಕ್ಲಿಪ್ ಕೆಟ್ಟಿರಲಿಲ್ಲ. ಒಂದು ವಾರದಿಂದ ತೊಂದರೆ ಕೊಡುತ್ತಿತ್ತು, ಅದಕ್ಕೆ ಕೆಟ್ಟಿದೆ ಎಂದುಕೊಂಡೆ. ಬೆರಳಿನಲ್ಲಿ ರಕ್ತ ಓಡದಿದ್ದರೂ ಅದರಲ್ಲಿ ಸಂಖ್ಯೆ ಬರುವುದಿಲ್ಲ. ಹೊಸ ನರ್ಸುಗಳಿಗೆ ಇದನ್ನು ಕಲಿಸುವವಳು ನಾನು. ಜ್ವರ ಇಳಿದಿದೆ ಎಂದು ನಂಬಬೇಡಿ, ಸಿರಪ್ ಕೊಟ್ಟಿದ್ದಾರಾ ಕೇಳಿ. ಕಿರುಚುವ ಮಗುವಿಗಿಂತ ಸುಮ್ಮನಿರುವ ಮಗುವನ್ನು ಮೊದಲು ನೋಡಿ. ತಾಯಿ "ಯಾವತ್ತಿನ ಹಾಗಿಲ್ಲ" ಅಂದರೆ ಕುರ್ಚಿ ಬಿಟ್ಟು ಏಳಿ. ಪ್ರತಿ ವರ್ಷ ಇದೇ ಪಾಠ ಒಪ್ಪಿಸುತ್ತೇನೆ, ಕೊನೆಯಲ್ಲಿ ಚಪ್ಪಾಳೆಯನ್ನೂ ಹೊಡೆಯುತ್ತಾರೆ.

ಚೀಟಿಯಲ್ಲಿ ನಾನು ಏನು ಬರೆದೆ ಎಂಬುದು ನಿನಗೆ ಗೊತ್ತಿಲ್ಲ. ನೀನು ಎರಡನೇ ಸಲ ಬಂದುಹೋದ ಮೇಲೆ ನಮ್ಮ ಕಡೆಯ ಪ್ರತಿಯಲ್ಲಿ "ತಾಯಿಗೆ ಗಾಬರಿ ಜಾಸ್ತಿ" ಎಂದು ಬರೆದು, ಅದರ ಕೆಳಗೆ ಗೆರೆ ಎಳೆದೆ. ಮೂರನೇ ಸಲ ಬಂದಾಗ ಆ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದೆ. ನೀನು ಮಾತಾಡುತ್ತಿದ್ದಾಗ ನಾನು ತಲೆ ಎತ್ತದೆ ಮಾಡುತ್ತಿದ್ದ ಕೆಲಸ ಅದು.

ಅವಳು ಹೋದ ಮರುದಿನ ಮೇಟ್ರನ್ ಮೇಡಂ ಆ ಪ್ರತಿಯನ್ನು ಮುಂದಿಟ್ಟು, "ಗಲೀಜಾಗಿದೆ. ನಿಮ್ಮ ಅಕ್ಷರ ಚೆನ್ನಾಗಿದೆ, ನೀಟಾಗಿ ಇನ್ನೊಂದು ಬರ್ಕೊಡಿ" ಅಂದರು. ನಮ್ಮಲ್ಲಿ ಇದು ಹೊಸದಲ್ಲ. ಫೈಲು ಮೇಲೆ ಹೋಗುವ ಮೊದಲು ಚೀಟಿಗಳನ್ನು ನಾನೇ ಚೊಕ್ಕವಾಗಿ ನಕಲು ಮಾಡಿಕೊಡುವುದು ರೂಢಿ, ನನ್ನ ಬರವಣಿಗೆ ಅಚ್ಚು ಹೊಡೆದ ಹಾಗಿದೆ ಎಂದು. ಆ ಒಂದು ಸಾಲು ಬಿಟ್ಟು ಬರೆದುಕೊಟ್ಟೆ. ಯಾರೂ ಬಿಡು ಅನ್ನಲಿಲ್ಲ. ಯಾರೂ ಬರೆ ಎಂದೂ ಅನ್ನಲಿಲ್ಲ. ಹೇಳಿಕೆ ಟೈಪ್ ಆಗಿ ಬಂತು, ಓದಿದೆ, ಸಹಿ ಹಾಕಿದೆ. ಹಳೆಯ ಚೀಟಿ ಹರಿದು ಹಾಕಿ ಅಂದರು. ಹರಿಯಲಿಲ್ಲ. ಅದನ್ನು ನನ್ನ ಒಳ್ಳೆಯತನಕ್ಕೆ ಸೇರಿಸಬೇಡ, ಹರಿಯಲು ಕೈ ಬರಲಿಲ್ಲ ಅಷ್ಟೇ.

ಆ ಚೀಟಿಯನ್ನು ಇದರ ಜೊತೆ ಕಳಿಸಿದ್ದೇನೆ. ನೀನು ಬಾಯಿ ಮುಚ್ಚಿ ಕೂತಿದ್ದರೆ ನಿನಗೆ ಗಾಬರಿ ಎಂದು ನನಗೆ ಹೇಗೆ ಗೊತ್ತಾಗಬೇಕು? ನಿಮ್ಮನೆಯವರಿಗೆ ತೋರಿಸು. ಸಮಿತಿಗೆ ಹೊಸ ಹೇಳಿಕೆಯನ್ನು ಜೂನ್ 28ರಂದು ಕೊಟ್ಟೆ. ಅದರ ನಕಲೂ ಇದೆ.

ಈಗ ಯಾಕೆ ಕೊಟ್ಟೆ ಎಂದು ಕೇಳುತ್ತೀಯ. ಜೂನ್ ಕೊನೆಯಲ್ಲಿ ಎರಡು ವರ್ಷದ ಒಂದು ಮಗು ಬಂತು. ಅದರ ತಾಯಿ ನಾಚಿಕೆಯ ಹೆಂಗಸು, ಮಾತು ಸೆರಗಿನೊಳಗೇ ಉಳಿಯುತ್ತಿತ್ತು. "ಯಾಕೋ ತುಂಬಾ ಸುಮ್ನಿದೆ ಸಿಸ್ಟರ್" ಅಂದಳು. ಎದ್ದೆ. ಕಾಲು ಮುಟ್ಟಿದೆ, ತಣ್ಣಗಿತ್ತು. ಉಸಿರು ನಿಮಿಷಕ್ಕೆ ಅರವತ್ತಕ್ಕೂ ಮೇಲಿತ್ತು. ಕೆಂಪು ಚೀಟಿಯನ್ನೂ ಬರೆಯಲಿಲ್ಲ, ಎತ್ತಿಕೊಂಡು ಓಡಿದೆ. ಇಪ್ಪತ್ತು ನಿಮಿಷದೊಳಗೆ ರಕ್ತ ತೆಗೆದು, ಆ್ಯಂಟಿಬಯೋಟಿಕ್ ಹಾಕಿ, ನೀರು ಬಿಟ್ಟಿದ್ದರು. ಐದನೇ ದಿನ ಆ ಮಗು ಮೆಟ್ಟಿಲನ್ನು ತಾನೇ ಇಳಿಯುತ್ತೇನೆಂದು ಹಟ ಮಾಡಿತು. ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅಷ್ಟು ಸುಲಭವಿತ್ತು. ಎದ್ದು ನಿಂತರೆ ಸಾಕಿತ್ತು. ಅವತ್ತೇ ಸಂಜೆ ಕೂತು ಹೇಳಿಕೆ ಬರೆದೆ.

ನನ್ನನ್ನು ಬಾಗಿಲಿನಿಂದ ತೆಗೆದು ಬಟ್ಟೆ ಉಗ್ರಾಣಕ್ಕೆ ಹಾಕಿದ್ದಾರೆ. ಒಗೆದು ಬಂದ ಹಾಸಿಗೆ ಬಟ್ಟೆ, ದಿಂಬಿನ ಚೀಲ ಎಣಿಸಿ ಮಡಿಸಿಡುವ ಕೆಲಸ. ಶಾಲೆಯಲ್ಲಿ ನೀನಿಟ್ಟ ಹೆಸರಿಗೆ ತಕ್ಕ ಜಾಗ. ಮೇಜಿನ ಹಿಂದೆ ಈಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾದ ಹುಡುಗಿ ಕೂರುತ್ತಾಳೆ. ಅವಳಿಗೆ ಯಾರ ಗುರುತೂ ಇಲ್ಲ ಎಂದು ಎಲ್ಲರಿಗೂ ಸಮಾಧಾನ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ನಿನಗೆ ಕಾಣಿಸುತ್ತದೆ. ನೀನು ಬೇಡವೆಂದಿದ್ದೆ.

ಇಂತಿ,
ಇಸ್ತ್ರಿ


ಆಗಸ್ಟ್ 18

ಇಸ್ತ್ರಿ,

ನಿನ್ನ ಕಾಗದ, ಚೀಟಿ ಎರಡೂ ತಲುಪಿದವು. ಸಮಿತಿಯವರ ತಿದ್ದುಪಡಿ ನಿನ್ನೆ ಬಂತು. ಈಗ ಏಳನೇ ಪುಟದಲ್ಲಿ "ತಾಯಿ ಮೂರು ಬಾರಿ ಗಮನಕ್ಕೆ ತಂದಿರುತ್ತಾರೆ" ಎಂದಿದೆ. ಮಿಕ್ಕ ಹತ್ತು ಪುಟ ಇದ್ದ ಹಾಗೇ ಇವೆ. ಮೇಟ್ರನ್ ಮೇಡಂ ಹೆಸರು ಎಲ್ಲೂ ಇಲ್ಲ. ಆ ಸಾಲಿನ ಕೆಳಗೇ, ತಪ್ಪೆಲ್ಲ ಒಬ್ಬ ಸಿಬ್ಬಂದಿಯದು, ಅವರ ಮೇಲೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ ಎಂದು ಮುಗಿಸಿ ಕೈ ತೊಳೆದುಕೊಂಡಿದ್ದಾರೆ. ನಿನ್ನ ಮೇಲೆ ನನಗೆ ಬಂದ ಕೋಪದಲ್ಲಿ ಒಂದು ಪಾಲು ಈಗ ಅವರ ಪಾಲಿಗೆ ಹೋಗಿದೆ. ನಿನ್ನ ಪಾಲು ಕಡಿಮೆಯಾಗಿದೆ ಎಂದುಕೊಳ್ಳಬೇಡ, ನನ್ನ ಹತ್ತಿರ ಬೇಕಾದಷ್ಟಿದೆ.

ಚೀಟಿಯನ್ನು ಇವರ ಕೈಗೆ ಕೊಟ್ಟೆ. ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿದರು. ಎರಡು ಗೆರೆಗಳನ್ನೂ ಉಗುರಿನಿಂದ ಸವರಿದರು. "ಹೇಳಿದ್ದೆ ನೀನು" ಅಂದರು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತು ದೊಡ್ಡ ದನಿಯಲ್ಲಿ ಅತ್ತರು. ಮಗುವನ್ನು ಮಣ್ಣು ಮಾಡಿದ ದಿನ ಹಾಗೆ ಅತ್ತವರಲ್ಲ. "ನಾಲ್ಕು ತಿಂಗ್ಳು ನಿನ್ನನ್ನ ಏನಂದ್ಕೊಂಡಿದ್ದೆ ನಾನು" ಎಂದು ನನ್ನ ಕಾಲು ಹಿಡಿಯಲು ಬಂದರು. ಏಳಿ, ಊಟ ಮಾಡಿ ಅಂದೆ. ಇನ್ನೇನು ಅನ್ನಲಿ?

ಅವತ್ತು ಹೊಟ್ಟೆ ತುಂಬಾ ಉಂಡೆ. ಎಷ್ಟೋ ತಿಂಗಳ ಮೇಲೆ ನಿದ್ದೆಯೂ ಬಂತು. ಬಸ್ಸಿನಲ್ಲಿ ದನಿ ಮರಳಿದೆ, ಡ್ರೈವರಣ್ಣ ಈಗ ಕಿವಿ ಮುಚ್ಚಿಕೊಳ್ಳುವ ನಾಟಕ ಮಾಡುತ್ತಾರೆ. ನೀನು ಆ ಸಾಲು ಬರೆಯದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತೋ ಏನೋ. ಅಷ್ಟು ಉಪಕಾರ ನಿನ್ನಿಂದ ಆಗಿದೆ. ಇಲ್ಲ ಎನ್ನುವುದಿಲ್ಲ.

ಆದರೆ ಇದನ್ನೂ ಓದು. ನಾನು ಹೇಳಿದ್ದೆನೋ ಇಲ್ಲವೋ ಎಂದು ಒದ್ದಾಡುತ್ತಿದ್ದಷ್ಟು ದಿನ, ಬಹುಶಃ ಹೇಳಿರಲಿಲ್ಲವೇನೋ ಎಂಬ ಮೂಲೆಯಲ್ಲಿ ನಿನ್ನನ್ನು ಉಳಿಸಿಕೊಂಡಿದ್ದೆ. ಹೇಳಿರಲಿಲ್ಲ ಎಂದಾದರೆ ತಪ್ಪು ನನ್ನೊಬ್ಬಳದೇ. ಆಗ ನನ್ನ ಗೆಳತಿಯೊಬ್ಬಳು ಎಲ್ಲೋ ಇದ್ದಾಳೆ ಎಂದಾಗುತ್ತಿತ್ತು. ನಿನ್ನ ಕಾಗದ ಬಂದ ಮೇಲೆ ಅದೂ ಇಲ್ಲ. ನಿನಗೆ ಸರಿಯಾಗಿ ಕೇಳಿಸಿತ್ತಂತೆ. ಗೆರೆ ಎಳೆದೆಯಂತೆ.

ಇನ್ನೊಂದು ಮಾತು ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಚೀಟಿ ನೋಡಿ ಅತ್ತವರು ನನ್ನನ್ನು ಈಗ ತಲೆಯ ಮೇಲಿಟ್ಟುಕೊಂಡಿದ್ದಾರೆ. ಮೂರು ಸಲ ಹೇಳಿದಳು, ಇನ್ನೆಷ್ಟು ಸಲ ಹೇಳಬೇಕಿತ್ತು ಎಂದು ಬಂದವರೆದುರೆಲ್ಲ ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಕಾಫಿ ತರಲು ಒಳಗೆ ಹೋಗುತ್ತೇನೆ.

ಹನ್ನೊಂದೂ ಐವತ್ತರಿಂದ ಹನ್ನೆರಡೂ ಇಪ್ಪತ್ತರವರೆಗೆ ಅರ್ಧ ಗಂಟೆ ಇತ್ತು ಕಣೇ. ಮಗುವಿನ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಅಷ್ಟು ಹೊತ್ತಿಗೆ ನನಗೆ ತಿಳಿದುಹೋಗಿತ್ತು. ಡಾಕ್ಟರಿಗೆ ಗೊತ್ತಾಗುವ ಮೊದಲೇ ನನಗೆ ತಿಳಿದಿತ್ತು. ಎದ್ದು ನಿಂತು, ನನಗೆ ಬರುವ ಒಂದೇ ವಿದ್ಯೆಯಲ್ಲಿ ಆ ಕಟ್ಟಡ ನಡುಗುವ ಹಾಗೆ ಒಂದು ಸಲ ಕೂಗಿದ್ದರೆ ಒಳಗಿದ್ದ ಡಾಕ್ಟರುಗಳೆಲ್ಲ ಹೊರಗೆ ಓಡಿ ಬರುತ್ತಿದ್ದರು. ಬಾಯಿ ತೆರೆದೆ ಕೂಡ. ನಿನ್ನ ಮುಖ ನೋಡಿದೆ. ಎಲ್ಲರೆದುರು ಇವಳ ಮಾನ ಹೋಗುತ್ತದಲ್ಲ ಅನ್ನಿಸಿತು.

ಮುಚ್ಚಿದೆ.

ಇನ್ನು ಬರೆಯಬೇಡ. ನಾನೂ ಬರೆಯುವುದಿಲ್ಲ.

ಇಂತಿ,
ಅವಳ ಅಮ್ಮ